ನಕ್ಕಾಗಿನ ಅಳತೆ

ನಮ್ಮ ಭಾವನನ್ನು ಊರೆಲ್ಲ ಲೂಸ್ ಟೈಲರ್ ಎಂದೇ ಕರೆಯುತ್ತಿತ್ತು, ಅದೂ ಎದುರಿಗೇ. ಯಾರಾದರೂ ಹೊಸಬರು ಬೀದಿ ತುದಿಯಲ್ಲಿ ನಿಂತು "ಇಲ್ಲಿ ಲೂಸ್ ಟೈಲರ್ ಅಂಗಡಿ ಎಲ್ಲಿ?" ಎಂದು ಕೇಳಿದರೆ ಭಾವನೇ ಬಾಗಿಲಿಗೆ ಬಂದು, "ಬನ್ನಿ ಬನ್ನಿ, ಆ ಲೂಸು ನಾನೇ" ಎಂದು ಕೈ ಬೀಸುತ್ತಿದ್ದರು. ಅವರಿಗೆ ಅದೊಂದು ಬಿರುದು. ಒಳಗೆ ಕೂತು ಕಾಜಾ ಹೊಲಿಯುತ್ತಿದ್ದ ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಲೂಸ್ ಟೈಲರನ ಹೆಂಡತಿಯ ತಂಗಿ ಎಂದರೆ ಲೂಸ್ ಟೈಲರನ ನಾದಿನಿ. ಅದನ್ನೂ ಜನ ಉದ್ದ ಆಯಿತೆಂದು ಕತ್ತರಿಸಿ ಲೂಸ್ ನಾದಿನಿ ಮಾಡಿಬಿಟ್ಟಿದ್ದರು. ಎರಡು ತಿಂಗಳು ಇದ್ದು ಕಾಜಾ ಕೆಲಸ ಕಲಿತು ಹೋಗುತ್ತೇನೆಂದು ಅಕ್ಕನ ಮನೆಗೆ ಬಂದವಳು ನಾನು. ಇಪ್ಪತ್ತಾರು ವರ್ಷವಾಯಿತು, ಇನ್ನೂ ಕಲಿಯುತ್ತಿದ್ದೇನೆ.

ಆ ಪದ ನಮ್ಮ ಬೀದಿಗೆ ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ. ಇಂಗ್ಲಿಷಿನವರು ಅದನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದಾರೋ ಏನೋ, ನಮ್ಮಲ್ಲಿ ಮಾತ್ರ ಅದಕ್ಕೆ ಬೆಳಗಿನಿಂದ ಸಂಜೆವರೆಗೆ ಪುರುಸೊತ್ತಿರಲಿಲ್ಲ. ಎದುರಿನ ದಿನಸಿ ಅಂಗಡಿಯಲ್ಲಿ "ಪ್ಯಾಕೆಟ್ ಬೇಡ, ಲೂಸಲ್ಲಿ ಕೊಡಿ" ಎಂದರೆ ಡಬ್ಬದಿಂದ ಅಳೆದು ಕೊಡುವ ಎಣ್ಣೆ. ಪಕ್ಕದ ರೇಡಿಯೋ ರಿಪೇರಿಯವನಿಗೆ ಲೋಕದ ಸಕಲ ಕಾಯಿಲೆಗೂ ಒಂದೇ ಕಾರಣ, ಲೂಸ್ ಕನೆಕ್ಷನ್. ಅವನ ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟಾಗಲೂ ಅವನು ಅದನ್ನೇ ಹೇಳಿದ. ಮೂಲೆಯ ಡಾಕ್ಟರ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತವರು ಅದೇ ಪದಕ್ಕೆ ಮೋಷನ್ ಸೇರಿಸಿ ಪಿಸುಗುಡುತ್ತಿದ್ದರು. ಶಾಲೆಯ ಹೆಡ್‌ಮಿಸ್ಸು "ಸ್ವಲ್ಪ ಲೂಸ್ ಬಿಟ್ರೆ ಸಾಕು, ಮಕ್ಕಳು ತಲೆ ಮೇಲೆ ಕೂರ್ತಾವೆ" ಎನ್ನುತ್ತಿದ್ದರು. ಮೈದಾನದ ಹುಡುಗರಿಗೆ ಒಂದು ಲೂಸ್ ಬಾಲ್ ಸಿಕ್ಕಿತೆಂದರೆ ನಮ್ಮ ಕಿಟಕಿಯ ಗಾಜು ಹೋಯಿತೆಂದೇ ಲೆಕ್ಕ. ಗುಟ್ಟು ನಿಲ್ಲದವಳ ಬಾಯಿ ಲೂಸು, ಅಲ್ಲಾಡುವ ಹಲ್ಲು ಲೂಸು, ತಲೆ ಕೆಟ್ಟವನು ಲೂಸು. ಇಷ್ಟೆಲ್ಲ ಸಾಲದೆಂದು ಗೆಳತಿಯರು ಪ್ರೀತಿ ಹೆಚ್ಚಾದಾಗ "ಹೋಗೇ ಲೂಸೇ" ಎಂದು ಬೆನ್ನಿಗೆ ಗುದ್ದಿಕೊಳ್ಳುತ್ತಿದ್ದುದೂ ಆ ಪದದಿಂದಲೇ.

ಭಾವನಿಗೆ ಅದು ಬಂದದ್ದು ಅವರು ಹೊಲಿದ ಬಟ್ಟೆಯಿಂದ. ಅವರ ಕೈಯಲ್ಲಿ ಏನು ಹೊಲಿಸಿದರೂ ಒಂದು ಬೆರಳು ಹೆಚ್ಚಿಗೆ ಇರುತ್ತಿತ್ತು. ಅದು ಸಾಲದೆಂದು ಒಳಗೆ, ಹೊಲಿಗೆಯ ಪಕ್ಕದಲ್ಲಿ, ಎರಡು ಬೆರಳು ಬಟ್ಟೆ ಮಡಚಿ ಉಳಿಸುತ್ತಿದ್ದರು. ದಪ್ಪಗಾದರೆ ಬಿಚ್ಚಿಕೊಳ್ಳಬಹುದು ಎಂಬ ಮುಂದಾಲೋಚನೆ. ಮದುವೆಯ ಹೊಸದರಲ್ಲಿ ಹೊಲಿಸಿದ ಕೋಟನ್ನು ಮೂರು ಸಲ ಬಿಚ್ಚಿಸಿ, ಮಗನ ಮದುವೆಗೂ ಅದನ್ನೇ ಹಾಕಿಕೊಂಡ ಗಿರಾಕಿಗಳಿದ್ದಾರೆ. ಹಾಗೆಂದು ಬಟ್ಟೆ ಕೊಡುವಾಗ ಅವರೇನೂ ಹೊಗಳುತ್ತಿರಲಿಲ್ಲ. ಕನ್ನಡಿ ಮುಂದೆ ನಿಂತು, "ಸ್ವಲ್ಪ ಲೂಸ್ ಆಯ್ತಲ್ವಾ?" ಎಂದು ಎಲ್ಲರೂ ಕೇಳುವವರೇ. ಭಾವ ಎಲ್ಲರಿಗೂ ಕೊಡುತ್ತಿದ್ದ ಉತ್ತರ ಒಂದೇ. "ಇರ್ಲಿ ಬಿಡಿ, ನೀವು ಗೊಂಬೆ ಅಲ್ಲವಲ್ಲ."

ಇನ್ನು ಅವರು ಅಳತೆ ತೆಗೆದುಕೊಳ್ಳುವ ಚೆಂದವನ್ನು ಹೇಳಬೇಕು. ಗಿರಾಕಿಯನ್ನು ನೆಟ್ಟಗೆ ನಿಲ್ಲಿಸಿ ಎದೆ, ಸೊಂಟ, ಭುಜ ಎಂದು ಟೇಪು ಹಿಡಿಯುತ್ತಿದ್ದರು. ನಾನು ಅಳತೆ ಪುಸ್ತಕ ಹಿಡಿದು ಬರೆದುಕೊಳ್ಳಬೇಕು. ಹೊಟ್ಟೆಗೆ ಬಂದಾಗ ಟೇಪು ಸುತ್ತಿ, ಮುಖ ಗಂಭೀರ ಮಾಡಿ, ಬೀದಿಗೆಲ್ಲ ಕೇಳುವ ಹಾಗೆ, "ಬರ್ಕೋಮ್ಮಾ, ಹೊಟ್ಟೆ…" ಎಂದು ನಿಲ್ಲಿಸುವರು. ಗಿರಾಕಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಆಗ ಭಾವ ದನಿ ತಗ್ಗಿಸಿ, "ಬೇಡ ಬಿಡು, ಅದು ಸಾಹೇಬರ ಸ್ವಂತ ವಿಷಯ" ಎನ್ನುವರು. ಎಂಥ ಮುಖ ಗಂಟಿಕ್ಕಿದ ಮನುಷ್ಯನಿಗೂ ಅಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ಅವನು ನಕ್ಕ ಆ ಗಳಿಗೆಯಲ್ಲಿ ಭಾವನ ಬೆರಳು ಟೇಪಿನ ಮೇಲೆ ಇರುತ್ತಿತ್ತು. ಅದೇ ನಿಜವಾದ ಅಳತೆ.

ಹಾಗಾಗಿ ನಮ್ಮ ಅಳತೆ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಕೆಳಗೆ ಎರಡು ಸಾಲು. ಒಂದು ನಿಂತಾಗ, ಇನ್ನೊಂದು ನಕ್ಕಾಗ. ಇಪ್ಪತ್ತಾರು ವರ್ಷ ನಾನು ಆ ಎರಡು ಸಾಲು ತುಂಬಿದ್ದೇನೆ. ಯಾರ ನಗು ಒಂದು ಇಂಚಿನದು, ಯಾರದು ಮೂರು ಇಂಚಿನದು ಎಂಬುದು ಈ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು. ಬ್ಯಾಂಕಿನ ಮ್ಯಾನೇಜರು ಬರೀ ಕಾಲು ಇಂಚು ನಗುತ್ತಾರೆ.

ಇದೆಲ್ಲ ಯಾಕೆ ಎಂದು ಒಂದು ಮಧ್ಯಾಹ್ನ ನಾನು ಕೇಳಿಯೇಬಿಟ್ಟೆ. ಭಾವ ಇಸ್ತ್ರಿ ಮಾಡುತ್ತಿದ್ದರು. ತಲೆ ಎತ್ತದೆ ಹೇಳಿದರು. ಚಿಕ್ಕಂದಿನಲ್ಲಿ ಅವರು ದುಂಡಗಿದ್ದರು, ಅವರಣ್ಣ ಕಡ್ಡಿ. ಅಣ್ಣನಿಗೆ ಗಿಡ್ಡವಾದ ಅಂಗಿಯೆಲ್ಲ ತಮ್ಮನಿಗೆ ಬರುತ್ತಿತ್ತು. ಒಂದು ದಿನ ತರಗತಿಯಲ್ಲಿ ಯಾರೋ ಏನೋ ತಮಾಷೆ ಮಾಡಿದರು, ಇವರು ನಕ್ಕರು, ಬೆನ್ನ ಮೇಲೆ ಅಂಗಿ ಚರ್ರನೆ ಹರಿಯಿತು. ಆಮೇಲೆ ನಕ್ಕದ್ದು ಉಳಿದವರೆಲ್ಲ, ಮೇಷ್ಟ್ರೂ ಸೇರಿ. "ಆಮೇಲೆ ನಾನು ಎರಡು ವರ್ಷ ಶಾಲೇಲಿ ನಗಲೇ ಇಲ್ಲ ಕಣಮ್ಮ" ಎಂದರು. "ಉಸಿರು ಕೂಡ ಸಣ್ಣಗೆ ತಗೋತಿದ್ದೆ. ಬಟ್ಟೆ ಅಂದ್ಮೇಲೆ ಅದರಲ್ಲಿ ನಗೋದಕ್ಕೆ ಜಾಗ ಬೇಡ್ವಾ?" ನಾನು "ಕಾಲರು ಸುಡ್ತಿದೆ ನೋಡಿ ಭಾವ" ಎಂದು ಗದರಿದೆ. ನಿಜವಾಗಿಯೂ ಸುಡುತ್ತಿತ್ತು.

ಭಾವನಿಗೆ ಒಬ್ಬಳೇ ಮಗಳು. ನಡೆಯುವುದಕ್ಕೆ ಮೊದಲೇ ಆಟದ ಪೀಪಿ ಊದಿ ಮನೆಯವರ ಕಿವಿ ತೂತು ಮಾಡಿದ್ದರಿಂದ ಅವಳ ಹೆಸರು ಪೀಪಿ ಎಂದೇ ಉಳಿಯಿತು. ಅಪ್ಪನ ಮೈಕಟ್ಟು, ನಮ್ಮಕ್ಕನ ಬಾಯಿ. ಶಾಲೆಯಲ್ಲಿ ಅವಳನ್ನು "ಲೂಸ್ ಮಗಳು ಬಂದ್ಲು" ಎಂದು ರೇಗಿಸುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗ ಒಂದು ದಿನ ಲೈಬ್ರರಿಯಿಂದ ದಪ್ಪದೊಂದು ಡಿಕ್ಷನರಿ ಹೊತ್ತುಕೊಂಡು ಬಂದು, ಕತ್ತರಿ ಹಾಕುವ ಮೇಜಿನ ಮೇಲೆ ಧೊಪ್ಪನೆ ಹಾಕಿ, ಬೆರಳಿಟ್ಟು ಓದಿದಳು. ಸಡಿಲ, ಅಳ್ಳಕ, ಬಿಡಿಯಾದ, ಕಟ್ಟಿಲ್ಲದ, ಬಿಡುಗಡೆಯಾದ. "ಅಪ್ಪಾ, ಇದರಲ್ಲಿ ಹುಚ್ಚ ಅಂತ ಇಲ್ಲವೇ ಇಲ್ಲ!" ಎಂದು ಕುಣಿದಳು. ಭಾವ ಕನ್ನಡಕ ಏರಿಸಿಕೊಂಡು ತಾವೂ ಓದಿ, "ಬಿಡುಗಡೆಯಾದ ಟೈಲರು. ಬೋರ್ಡಿನಲ್ಲಿ ಬರೆಸೋಣ್ವಾ?" ಎಂದರು. ಅವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ಶಾಲೆಯ ಮಕ್ಕಳು ಡಿಕ್ಷನರಿ ನೋಡಿ ರೇಗಿಸುವವರೇ? ಹದಿನಾಲ್ಕು ತುಂಬುವ ಹೊತ್ತಿಗೆ ಪೀಪಿ ಅಪ್ಪನ ಅಂಗಡಿಯ ಮುಂದೆ ಗೆಳತಿಯರ ಜತೆ ಹಾದುಹೋಗುವುದನ್ನು ಬಿಟ್ಟಳು. ಹಿಂದಿನ ಓಣಿಯಿಂದ ಸುತ್ತಿಕೊಂಡು ಬಂದು ಅಂಗಡಿಯ ಮೇಲಿನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಭಾವ ಅದನ್ನು ನೋಡಿಯೂ ನೋಡದವರ ಹಾಗೆ ಮಶೀನು ತುಳಿಯುತ್ತಿದ್ದರು. ನಾನು ಮಾತ್ರ ನೋಡುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಪೀಪಿ ದೊಡ್ಡವಳಾಗಿ ಬಸ್ ಡಿಪೋದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತಳು. ಸಂಜೆ ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಆಟದ ಪೀಪಿ ಹೋಗಿ ಹಿತ್ತಾಳೆಯ ಪೀಪಿ ಬಂದಿತ್ತು, ಅಷ್ಟೇ. ಬ್ಯಾಂಡಿನಲ್ಲಿ ಹದಿನಾಲ್ಕು ಜನ, ಅದರಲ್ಲಿ ಹೆಣ್ಣು ಇವಳೊಬ್ಬಳೇ. ಬ್ಯಾಂಡ್ ಮೇಷ್ಟ್ರು ನಿವೃತ್ತ ರೈಲ್ವೆ ಗಾರ್ಡು. ಹಸಿರು ಬಾವುಟ ಬೀಸಿದ ಕೈಯಲ್ಲೇ ಈಗ ಕೋಲು ಬೀಸುತ್ತಿದ್ದರು, ಒಂದು ನಿಮಿಷ ತಡವಾದರೂ ಸಹಿಸುತ್ತಿರಲಿಲ್ಲ. ಮೊದಲ ಟ್ರಂಪೆಟ್ ಊದುತ್ತಿದ್ದ ಹಿರಿಯರಿಗೆ ಹಲ್ಲು ಲೂಸಾಗಿ ಅವರು ಬ್ಯಾಂಡ್ ಬಿಡುವವರಿದ್ದರು. ಅವರ ಜಾಗ ಯಾರಿಗೆ ಎಂಬುದು ಆ ವರ್ಷದ ಬ್ಯಾಂಡ್ ಸ್ಪರ್ಧೆಯಲ್ಲಿ ತೀರ್ಮಾನವಾಗಬೇಕಿತ್ತು. ಮೇಷ್ಟ್ರು ಪೀಪಿಗೆ ನೇರವಾಗಿ ಹೇಳಿದರು. "ಕೊನೇ ಹಾಡಿನಲ್ಲಿ ಒಬ್ಬಳೇ ಮುಂದೆ ಬಂದು ಊದಬೇಕು. ಕೊನೇ ಸ್ವರ ಹದಿನಾರು ಎಣಿಕೆ, ಒಂದೇ ಉಸಿರು. ಉಸಿರು ತುಂಡಾಗದೆ ಇದ್ರೆ ಅವರ ಮೊದಲನೇ ಕುರ್ಚಿ ನಿಂದು. ತುಂಡಾದ್ರೆ ಬೇರೆಯವರನ್ನ ನೋಡ್ತೀನಿ, ಬೇಜಾರು ಮಾಡ್ಕೋಬಾರ್ದು."

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಪೀಪಿ ಬಚ್ಚಲಲ್ಲಿ, ಮೆಟ್ಟಿಲ ಮೇಲೆ, ಡಿಪೋದ ಗೋಡೆಯ ಹಿಂದೆ ನಿಂತು ಊದಿದ್ದೇ ಊದಿದ್ದು. ಅಕ್ಕ ಬೆರಳು ಮಡಚಿ ಎಣಿಸುತ್ತಿದ್ದಳು. ಮೊದಲು ಹತ್ತು, ಆಮೇಲೆ ಹದಿಮೂರು. ಸ್ಪರ್ಧೆಗೆ ಒಂದು ವಾರ ಇರುವಾಗ ಹದಿನಾರು ಬಂತು, ಮರುದಿನವೂ ಬಂತು. ಅಕ್ಕ ಖುಷಿಗೆ ಹಾಲು ಒಲೆಯ ಮೇಲಿಟ್ಟದ್ದನ್ನೂ ಮರೆತಳು.

ಸ್ಪರ್ಧೆಗೆ ಹದಿನಾಲ್ಕು ಹೊಸ ಜಾಕೆಟ್ ಬೇಕು, ಕಡುಗೆಂಪು ಬಟ್ಟೆಯವು, ಹಿತ್ತಾಳೆ ಬಟನ್ನಿನವು. ಕೆಲಸ ಭಾವನಿಗೇ ಬಂತು. ಹದಿಮೂರು ಗಂಡಸರು ಸಾಲಾಗಿ ಬಂದು, ಸಾಲಾಗಿ ನಕ್ಕು ಹೋದರು. ಹದಿನಾಲ್ಕನೆಯವಳ ಸರದಿ ಬಂದಾಗ ಪೀಪಿ ಮುಖ ಊದಿಸಿಕೊಂಡು ನಿಂತಳು. ಭಾವ ಟೇಪು ಸುತ್ತಿ, "ಬರ್ಕೋಮ್ಮಾ, ಹೊಟ್ಟೆ…" ಎಂದರು. ಅವಳು ನಗಲಿಲ್ಲ. "ಬೇಡ ಬಿಡು, ಅದು ಮೇಡಮ್ಮವರ ಸ್ವಂತ ವಿಷಯ" ಎಂದರು. ಆಗಲೂ ನಗಲಿಲ್ಲ.

"ಅಪ್ಪ, ಈ ಒಂದು ಸಲ ಸರಿಯಾಗಿ ಮೈಗೆ ಹೊಲಿ. ಲೂಸ್ ಬೇಡ" ಎಂದಳು.

"ಸರಿ ಕಣೇ" ಎಂದರು ಭಾವ. ಅವಳ ಹೆಸರಿನ ಕೆಳಗೆ ನಿಂತಾಗ ಎಂಬಲ್ಲಿ ಮೂವತ್ತಾರು ಎಂದು ಬರೆದೆ. ನಕ್ಕಾಗ ಎಂಬಲ್ಲಿ ಏನು ಬರೆಯಲಿ? ಖಾಲಿ ಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಖಾಲಿ ಬಿಟ್ಟದ್ದು ಅದೊಂದೇ ಸಲ.

ಭಾವ ಸರಿ ಎಂದದ್ದು ಬಾಯಿಮಾತಿಗೆ. ಜಾಕೆಟ್ ಆದಮೇಲೆ ನೋಡಿದರೆ ಎಂದಿನಂತೆಯೇ ಹೊರಗೆ ಒಂದು ಬೆರಳು, ಒಳಗೆ ಎರಡು ಬೆರಳು. ಕತ್ತರಿ ಹಿಡಿದರೆ ಅವರ ಕೈ ಅವರ ಮಾತೇ ಕೇಳುತ್ತಿರಲಿಲ್ಲ. ಅವರು ಬಟನ್ ತರಲು ಪೇಟೆಗೆ ಹೋದ ಹೊತ್ತು ನೋಡಿ ಪೀಪಿ ಜಾಕೆಟ್ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು.

"ನೋಡು ಚಿಕ್ಕಮ್ಮ. ಹದಿಮೂರು ಗಂಡಸರ ಮಧ್ಯೆ ನಾನೊಬ್ಬಳೇ. ಎಲ್ಲರ ಕಣ್ಣೂ ನನ್ನ ಮೇಲೇ ಇರತ್ತೆ. ಮೂಟೆ ಥರ ಕಾಣ್ತೀನಿ. ಲೂಸ್ ಮಗಳು ಅಂತ ಅಲ್ಲೂ ಅನ್ನಿಸಿಕೊಳ್ಳಬೇಕಾ?"

"ಏನು ಮಾಡು ಅಂತೀಯ?"

"ಸ್ವಲ್ಪ ಹಿಡಿದು ಕೊಡು. ಅಪ್ಪನಿಗೆ ಹೇಳಬೇಡ."

ಬೇರೆ ಯಾರಾದರೂ ಕೇಳಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಆದರೆ ಅವಳು ನನ್ನ ಉರಿಯುವ ಜಾಗಕ್ಕೇ ಕೈ ಇಟ್ಟಿದ್ದಳು. ಇಷ್ಟು ವರ್ಷ ಲೂಸ್ ನಾದಿನಿ ಎನ್ನಿಸಿಕೊಂಡ ಸಿಟ್ಟೆಲ್ಲ ಕತ್ತರಿಗೆ ಬಂತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಮೈಗೆ ಅಂಟುವ ಹಾಗೆ ಹಿಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಪರವಾಗಿರಲಿಲ್ಲ. ಭಾವನಿಗೆ ಗೊತ್ತಾದರೆ ಮತ್ತೆ ಬಿಚ್ಚಿಬಿಡುತ್ತಾರೆ ಎಂದು, ಒಳಗೆ ಅವರು ಉಳಿಸಿದ್ದ ಎರಡು ಬೆರಳು ಬಟ್ಟೆಯನ್ನೂ ಕತ್ತರಿಸಿ ತುಂಡುಬಟ್ಟೆಯ ಚೀಲಕ್ಕೆ ಹಾಕಿದೆ. ಆ ಮನೆಯಲ್ಲಿ ಅಂಥ ಕೆಲಸ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಪೀಪಿ ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡು ನನ್ನ ಕೆನ್ನೆಗೆ ಮುತ್ತಿಟ್ಟಳು. ನಿಜ ಹೇಳಬೇಕೆಂದರೆ, ಚೆಂದವೇ ಕಾಣುತ್ತಿದ್ದಳು. ನಾನು ಜಾಕೆಟ್ಟಿಗೆ ಹೊದಿಕೆ ಹಾಕಿ ಮೊಳೆಗೆ ನೇತುಹಾಕಿದೆ. ಅದನ್ನು ಹಾಕಿಕೊಂಡು ಊದಿ ನೋಡಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಲಿಗೆಯವರ ಮನೆಯವರಿಗೆ ಕನ್ನಡಿಯೇ ಕೊನೆಯ ಪರೀಕ್ಷೆ, ಎಲ್ಲ ಅಲ್ಲಿಗೇ ಮುಗಿಯುತ್ತದೆ.

ಸ್ಪರ್ಧೆ ಪುರಭವನದಲ್ಲಿ, ಮಧ್ಯಾಹ್ನ ಮೂರಕ್ಕೆ. ಭಾವ ಮತ್ತು ಅಕ್ಕ ಮೂರನೇ ಸಾಲಿನಲ್ಲಿ ಕೂತಿದ್ದರು. ಕೊನೇ ಗಳಿಗೆಯಲ್ಲಿ ಯಾರದಾದರೂ ಬಟನ್ ಕಿತ್ತರೆ ಇರಲಿ ಎಂದು ನನ್ನನ್ನು ವೇದಿಕೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ನಮ್ಮ ತಂಡಕ್ಕೆ ಇನ್ನು ಅರ್ಧ ಗಂಟೆ ಇರುವಾಗ ಪೀಪಿ ಜಾಕೆಟ್ ಹಾಕಿ, ಆರೂ ಬಟನ್ ಹಾಕಿಕೊಂಡು ಬಂದಳು. ಹದಿಮೂರು ಜನವೂ ತಿರುಗಿ ನೋಡಿದರು. ನಾನು ಒಳಗೊಳಗೇ ಬೀಗಿದೆ.

ಅವಳು ಟ್ರಂಪೆಟ್ ಎತ್ತಿ ಆ ಕೊನೆಯ ಸ್ವರ ಹಿಡಿದಳು. ಹನ್ನೊಂದಕ್ಕೆ ಉಸಿರು ತುಂಡಾಯಿತು.

"ಗಾಬರಿ ಆಗಿದೆ ಅಷ್ಟೇ" ಎಂದೆ. ಮತ್ತೆ ಊದಿದಳು. ಈ ಸಲ ಒಂಬತ್ತು. ಅವಳ ಮುಖ ಬಿಳಿಚಿತು. "ಚಿಕ್ಕಮ್ಮ, ಒಳಗೆ ಹೋಗ್ತಾನೇ ಇಲ್ಲ ಉಸಿರು. ಇಲ್ಲಿಗೇ ನಿಲ್ಲತ್ತೆ" ಎಂದು ಎದೆಯ ಮೇಲೆ ಕೈಯಿಟ್ಟಳು. ಬಟನ್ ಬಿಚ್ಚಿಕೊಂಡು ಊದೋಣವೆಂದರೆ ಸ್ಪರ್ಧೆಯ ನಿಯಮದಲ್ಲಿ ಸಮವಸ್ತ್ರಕ್ಕೂ ಅಂಕವಿತ್ತು. ಒಂದು ಬಟನ್ ಬಿಚ್ಚಿದ್ದರೂ ಕಳೆಯುತ್ತಾರೆ ಎಂದು ಮೇಷ್ಟ್ರು ಬೆಳಗಿನಿಂದ ಹತ್ತು ಸಲ ಹೇಳಿದ್ದರು. ಬೇರೆಯವರದು ಹಾಕಿಸೋಣವೆಂದರೆ ಇರುವುದು ಹದಿನಾಲ್ಕು ಜನಕ್ಕೆ ಹದಿನಾಲ್ಕೇ. ನಾನು ಸಭಾಂಗಣಕ್ಕೆ ಓಡಿದೆ. ಮೂರನೇ ಸಾಲಿನಲ್ಲಿದ್ದ ಭಾವನ ತೋಳು ಹಿಡಿದು, ಜನ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಎಳೆದುಕೊಂಡು ಬಂದೆ.

ವಿಷಯ ಕೇಳಿ ಭಾವ ಹಗುರಾಗಿ ನಕ್ಕರು. "ಇಷ್ಟೇನಾ? ಹೊಲಿಗೆ ಬಿಚ್ಚಿದ್ರೆ ಆಯ್ತು. ಒಳಗೆ ಎರಡು ಬೆರಳು ಇದೆಯಲ್ಲ" ಎಂದು ಜಾಕೆಟ್ ಬಿಚ್ಚಿಸಿ ಒಳಮೈ ತಿರುವಿದರು. ಅವರ ಬೆರಳು ಹೊಲಿಗೆಯುದ್ದಕ್ಕೂ ಹರಿದು ಹೋಯಿತು. ಕೆಳಗೆ ಹೋಯಿತು, ಮೇಲೆ ಬಂತು, ಇನ್ನೊಂದು ಪಕ್ಕಕ್ಕೆ ಹೋಯಿತು. ಎಲ್ಲೂ ಬಟ್ಟೆ ಇರಲಿಲ್ಲ. ಭಾವ ಆ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಯಾರ ಕೈಯ ಹೊಲಿಗೆ ಎಂದು ಅವರಿಗೆ ಹೇಳಿಕೊಡಬೇಕೇ? ಆಮೇಲೆ ನನ್ನನ್ನು ನೋಡಿದರು.

"ನಾನೇ ಭಾವ" ಎಂದೆ.

"ನಾನೇ ಹೇಳಿದ್ದು ಅಪ್ಪ. ಚಿಕ್ಕಮ್ಮಂದು ತಪ್ಪಿಲ್ಲ" ಎಂದು ಪೀಪಿ ಅಳುವುದಕ್ಕೆ ಶುರುಮಾಡಿದಳು. ನಾನೂ ಅತ್ತೆ. ಇಪ್ಪತ್ತಾರು ವರ್ಷ ಆ ಮನುಷ್ಯ ಒಂದು ದಿನವೂ ನನಗೆ ಗದರಿದವರಲ್ಲ. ಈಗ ಗದರಲಿ, ನಾಲ್ಕು ಜನರ ಮುಂದೆ ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಇಬ್ರೂ ಆಮೇಲೆ ಅಳಿ, ಬೇಕಾದಷ್ಟು ಟೈಮಿದೆ" ಎಂದರು ಭಾವ. "ಈಗ ಒಬ್ಬಳು ಸೂಜಿಗೆ ದಾರ ಹಾಕು. ಇನ್ನೊಬ್ಬಳು ಇದನ್ನ ಹಾಕ್ಕೊಂಡು ಬೆನ್ನು ತಿರುಗಿಸಿ ನಿಲ್ಲು."

ಅವರ ಅಂಗಿಯ ಕಾಲರಿನ ಒಳಗೆ ಯಾವಾಗಲೂ ಎರಡು ಸೂಜಿ ಚುಚ್ಚಿರುತ್ತಿದ್ದವು, ಜೇಬಿನಲ್ಲಿ ಒಂದು ಅರ್ಧ ಬ್ಲೇಡು. ಪೀಪಿಯ ಬೆನ್ನ ನಡುವಿನ ಹೊಲಿಗೆಗೆ ಬ್ಲೇಡು ಹಾಕಿ, ಕಾಲರಿನ ಕೆಳಗಿನಿಂದ ಸೊಂಟದವರೆಗೆ ಒಂದೇ ಉಸಿರಿಗೆ ಸೀಳಿದರು. ನಾನು ಕಣ್ಣು ಮುಚ್ಚಿಕೊಂಡೆ. "ಈಗ ಉಸಿರು ತಗೋ" ಎಂದರು. ಅವಳು ತೆಗೆದುಕೊಂಡಳು. ಸೀಳಿದ ಅಂಚುಗಳು ಎರಡು ಬೆರಳಗಲ ಸರಿದವು. ಭಾವನಿಗೆ ಸಮಾಧಾನವಾಗಲಿಲ್ಲ. ಬೆನ್ನ ಹಿಂದೆ ನಿಂತು, ಮೇಷ್ಟ್ರಿಗೆ, ಹದಿಮೂರು ಜನರಿಗೆ, ಪಕ್ಕದ ತಂಡದವರಿಗೆಲ್ಲ ಕೇಳುವ ಹಾಗೆ, "ಬರ್ಕೋಮ್ಮಾ, ಹೊಟ್ಟೆ…" ಎಂದರು.

ಕಣ್ಣೀರಿನ ಮಧ್ಯೆಯೇ ಪೀಪಿಗೆ ಫಕ್ಕನೆ ನಗು ಬಂತು. ತಡೆಯಲು ಹೋಗಿ ಇನ್ನೂ ಜೋರಾಗಿ ಬಂತು. ಅಂಚುಗಳು ನಾಲ್ಕು ಬೆರಳು ಸರಿದವು. "ಹಾಂ, ಇದು ಬೇಕಿತ್ತು ನೋಡು" ಎಂದರು ಭಾವ.

ಈಗ ಆ ನಾಲ್ಕು ಬೆರಳನ್ನು ಹಿಡಿದಿಡುವುದು ಹೇಗೆ? ಹಾಗೆಯೇ ಬಿಟ್ಟರೆ ಜಾಕೆಟ್ ಎರಡೂ ಭುಜದಿಂದ ಜಾರುತ್ತದೆ. ಕತ್ತರಿಸಿದ ಬಟ್ಟೆ ಮನೆಯ ಚೀಲದಲ್ಲಿ. ಭಾವ ಆಚೀಚೆ ನೋಡಿ, ಕೊನೆಗೆ ಕೊರಳಲ್ಲಿದ್ದ ಟೇಪನ್ನು ತೆಗೆದರು. ಊಟಕ್ಕೆ ಕೂತಾಗಲೂ ತೆಗೆಯದ ಟೇಪು ಅದು. ಅಂಕಿಗಳೆಲ್ಲ ಅರ್ಧ ಮಾಸಿದ್ದವು. ಅದನ್ನು ಬೂಟಿನ ಲೇಸಿನ ಹಾಗೆ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ಎಳೆದು, "ನೀನು ಎಡಗಡೆ, ನಾನು ಬಲಗಡೆ. ದೊಡ್ಡ ದೊಡ್ಡ ಹೊಲಿಗೆ ಹಾಕು, ಇವತ್ತು ಸೊಬಗು ಬೇಡ" ಎಂದರು. ಹೊರಗೆ ಬೇರೆ ತಂಡದ ನಗಾರಿ ಮೊಳಗುತ್ತಿತ್ತು. ನಾವಿಬ್ಬರೂ ಪೀಪಿಯ ಬೆನ್ನಿಗೆ ಬಿದ್ದು ಹೊಲಿದೆವು. ನನ್ನ ಸೂಜಿ ಎರಡು ಸಲ ಅವಳಿಗೆ ಚುಚ್ಚಿತು. ಅವಳು ಅಲ್ಲಾಡಲಿಲ್ಲ.

ಬ್ಯಾಂಡ್ ಮೇಷ್ಟ್ರು ಗಡಿಯಾರ ನೋಡುತ್ತ ಬಂದು, ಅವಳ ಬೆನ್ನು ಕಂಡು ಬೆಚ್ಚಿದರು. "ಏನ್ರೀ ಇದು ಅವತಾರ?"

"ಜನ ನೋಡೋದು ಮುಂದಿನಿಂದ ತಾನೆ ಸ್ವಾಮಿ? ಮುಂದೆ ಆರೂ ಬಟನ್ ಹಾಕಿದೆ, ಎಣಿಸ್ಕೊಳ್ಳಿ" ಎಂದರು ಭಾವ.

ಮೇಷ್ಟ್ರು ನಿಜವಾಗಿಯೂ ಎಣಿಸಿದರು. ಆಮೇಲೆ ಪೀಪಿಯ ಕಡೆ ಬೆರಳು ತೋರಿಸಿ, "ಊದಿ ಆದ್ಮೇಲೆ ತಿರುಗಬೇಡ. ಹಾಗೇ ಹಿಂದೆ ಹಿಂದೆ ನಡ್ಕೊಂಡು ಬಂದು ನಿಂತ್ಕೋ. ಗೊತ್ತಾಯ್ತಾ? ತಿರುಗಿದ್ರೆ ನನ್ನ ಮಾನ ಹೋಗತ್ತೆ" ಎಂದರು. ಪೀಪಿ ತಲೆಯಾಡಿಸಿದಳು.

ನಾನೂ ಭಾವನೂ ಪರದೆಯ ಪಕ್ಕದಲ್ಲಿ ನಿಂತೆವು. ಕೊನೆಯ ಹಾಡು ಬಂತು. ಪೀಪಿ ಒಬ್ಬಳೇ ಮುಂದೆ ನಡೆದು ಟ್ರಂಪೆಟ್ ಎತ್ತಿದಳು. ನಮಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಬೆನ್ನ ಮೇಲೆ ಓರೆಯಾಗಿ ಓಡುವ ಹಳದಿ ಟೇಪು. ಅವಳು ಉಸಿರು ಎಳೆದುಕೊಂಡಳು. ಟೇಪಿನ ಸಾಲುಗಳೆಲ್ಲ ಒಟ್ಟಿಗೆ ಬಿಗಿದವು. ಹೊಲಿಗೆ ತಡೆಯಿತು. ನಾನು ಬೆರಳು ಮಡಚತೊಡಗಿದೆ. ಎಂಟು. ಒಂಬತ್ತು. ಹನ್ನೊಂದು ದಾಟಿದಾಗ ಭಾವ ನನ್ನ ಕೈ ಹಿಡಿದುಕೊಂಡರು, ಎಣಿಸುವುದಕ್ಕೆ ನನಗೆ ಒಂದೇ ಕೈ ಉಳಿಯಿತು. ಹದಿನಾಲ್ಕು. ಹದಿನೈದು. ಹದಿನಾರು. ಮೇಷ್ಟ್ರ ಕೋಲು ಕೆಳಗಿಳಿಯಿತು. ಪೀಪಿ ನಿಲ್ಲಿಸಲಿಲ್ಲ. ಹದಿನೇಳು, ಹದಿನೆಂಟು, ಹತ್ತೊಂಬತ್ತು ಎಣಿಸಿದ ಮೇಲೆ, ಸಾಕೆನ್ನಿಸಿದಾಗ, ತಾನಾಗಿ ನಿಲ್ಲಿಸಿದಳು.

ಚಪ್ಪಾಳೆಯೆಂದರೆ ಚಪ್ಪಾಳೆ. ಆ ಗಲಾಟೆಯಲ್ಲಿ ಪೀಪಿಗೆ ಮೇಷ್ಟ್ರ ಮಾತು ಮರೆತೇ ಹೋಯಿತು. ತಲೆ ಬಾಗಿಸಿ, ಖುಷಿಯಲ್ಲಿ ಗಿರ್ರನೆ ತಿರುಗಿ ತನ್ನ ಜಾಗಕ್ಕೆ ಹೊರಟಳು. ಇಡೀ ಸಭೆಗೆ ಅವಳ ಬೆನ್ನು ಕಂಡಿತು. ಮೊದಲು ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಪುರಭವನವೇ ನಕ್ಕಿತು. ಪಕ್ಕದಲ್ಲಿ ಭಾವ ಕಲ್ಲಿನಂತೆ ನಿಂತಿದ್ದರು. ಬೆನ್ನ ಮೇಲೆ ಹರಿದ ಬಟ್ಟೆ, ಸುತ್ತ ನಗುವ ಜನ. ಅವರಿಗೆ ಆಗ ಏನು ನೆನಪಾಗಿರಬೇಕೆಂದು ನನಗೆ ಗೊತ್ತಿತ್ತು. ಅವರ ಕೈ ಕೊರಳಿನ ಟೇಪನ್ನು ಹುಡುಕಿತು. ಅದು ಅಲ್ಲಿರಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಯಾರಮ್ಮಾ ನಿನ್ನ ಟೈಲರು?"

ಪೀಪಿ ನಿಂತಳು. ಒಂದು ಗಳಿಗೆ ಅವಳು ಹಿಂದಿನ ಓಣಿ ಹಿಡಿದು ಓಡುವ ಹಳೆಯ ಹುಡುಗಿಯೇ ಆದ ಹಾಗೆ ಕಂಡಳು. ಆಮೇಲೆ ಸಭೆಯ ಕಡೆಗೆ ತಿರುಗಿ, ಮೈಕಿನ ಹಂಗೇ ಇಲ್ಲದ ದನಿಯಲ್ಲಿ, "ಲೂಸ್ ಟೈಲರು! ನಮ್ಮಪ್ಪ!" ಎಂದಳು. ಎಂದು ತಾನೂ ನಕ್ಕಳು. ಬಾಯಿತುಂಬ, ಎದೆತುಂಬ, ಭುಜ ಕುಣಿಯುವ ಹಾಗೆ. ಹೊಲಿಗೆ ಒಂದೂ ಬಿಡಲಿಲ್ಲ.

ಭಾವ ಮುಖ ಆ ಕಡೆ ತಿರುಗಿಸಿ ಪರದೆಯ ಅಂಚನ್ನು ಹಿಡಿದುಕೊಂಡು, "ಎಂಥ ಕೆಟ್ಟ ಹೊಲಿಗೆ ನೋಡು ಈ ಪರದೇದು" ಎಂದರು.

ನಮಗೆ ಸಿಕ್ಕಿದ್ದು ಎರಡನೇ ಬಹುಮಾನ. ಮೂರು ಎಣಿಕೆ ಹೆಚ್ಚು ಊದಿದ್ದಕ್ಕೆ ಅಂಕ ಕಳೆದರಂತೆ. ಬೆನ್ನಿನ ವಿಷಯ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲವಾದ್ದರಿಂದ ಅದಕ್ಕೆ ಏನೂ ಕಳೆಯಲಿಲ್ಲ. ಮೇಷ್ಟ್ರು ದಾರಿಯುದ್ದಕ್ಕೂ ಅವಳಿಗೆ ಬೈದರು. "ಹದಿನಾರು ಅಂದ್ರೆ ಹದಿನಾರು! ರೈಲು ಸ್ಟೇಷನ್ ದಾಟಿ ಹೋಗಿ ನಿಲ್ಲತ್ತಾ?" ಎಂದು ಕೂಗಾಡಿ, ನಮ್ಮ ಬಾಗಿಲು ಬಂದಾಗ, "ಸೋಮವಾರ ಐದಕ್ಕೆ ಬಾ. ಮೊದಲನೇ ಕುರ್ಚೀಲಿ ಕೂತ್ಕೋ. ಐದು ಅಂದ್ರೆ ಐದು" ಎಂದು ಹೊರಟುಹೋದರು.

ಪೀಪಿ ಅವತ್ತು ಹಿಂದಿನ ಓಣಿಯಿಂದ ಬರಲಿಲ್ಲ. ಜಾಕೆಟ್ ಹಾಕಿಕೊಂಡೇ ಅಂಗಡಿಯ ಮುಂಬಾಗಿಲಿನಿಂದ ಒಳಗೆ ಬಂದು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನೆಟ್ಟಗೆ ನಿಂತಳು. "ಅಪ್ಪ, ಅಳತೆ ತಗೋ. ಸರಿಯಾಗಿ ಇನ್ನೊಂದು ಹೊಲಿಬೇಕು" ಎಂದಳು.

"ಟೇಪು ನಿನ್ನ ಬೆನ್ನ ಮೇಲಿದೆಯಲ್ಲೇ. ಬಿಚ್ಚಿಕೊಡು."

"ಅದನ್ನ ಬಿಚ್ಚಲ್ಲ. ಇದು ಹೀಗೇ ಇರ್ಲಿ ನನ್ನ ಹತ್ರ. ಬೇರೆ ಟೇಪು ತಗೋ."

ನಾನು ಬೀದಿ ತುದಿಯ ಫ್ಯಾನ್ಸಿ ಅಂಗಡಿಗೆ ಓಡಿ ಹೊಸ ಟೇಪು ತಂದೆ. ಭಾವ ಅದನ್ನು ಅವಳ ಸುತ್ತ ಹಾಕಿದರು. ಹೊಸ ಟೇಪಾದ್ದರಿಂದ ನೆಟ್ಟಗೆ ನಿಲ್ಲದೆ ಸುರುಳಿಯಾಗುತ್ತಿತ್ತು.

"ಬರ್ಕೋಮ್ಮಾ…" ಎಂದರು. ಮುಂದಿನ ಮಾತು ಬೇಕಾಗಲಿಲ್ಲ. ಪೀಪಿ ಆಗಲೇ ನಗುತ್ತಿದ್ದಳು.

ಭಾವನ ತುಂಬಿದ ಕಣ್ಣಿಗೆ ಅಂಕಿ ಕಾಣುತ್ತಿರಲಿಲ್ಲ. ನಾನೇ ಬಗ್ಗಿ ಓದಿ, ಪುಸ್ತಕ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದೆ. ನಕ್ಕಾಗ, ನಲವತ್ತು.